ರಾಧಿಕಾಸಾಂತ್ವನವೂ ಅಶ್ಲೀಲತಾನಿರ್ಣಯವೂ

ಅಶ್ಲೀಲವು ಕಾವ್ಯದೋಷಗಳಲ್ಲೊಂದೆಂಬುದು ಅಲಂಕಾರಶಾಸ್ತ್ರದಲ್ಲಿ ಪ್ರಸಿದ್ಧವಾದ ವಿಷಯ. ಮಮ್ಮಟನು ಅದನ್ನು ವ್ರೀಡೆಯನ್ನುಂಟುಮಾಡುವುದು, ಜುಗುಪ್ಸೆಯನ್ನುಂಟುಮಾಡುವುದು, ಅಮಂಗಳವನ್ನು ಸೂಚಿಸುವುದು ಎಂದು ಮೂರು ಬಗೆಯಾಗಿ ವಿಂಗಡಿಸಿರುವನು. ವಿಶ್ವನಾಥನಾದರೋ ಸುರತಪ್ರಸಂಗದ ಗೋಷ್ಠಿಗಳಲ್ಲಿ ಅದು ದೋಷವಾಗದೆ ಗುಣವೇ ಆಗುವುದೆಂದು ಸಾಹಿತ್ಯದರ್ಪಣದಲ್ಲಿ ಒಪ್ಪಿಕೊಂಡಿರುವನು. ಈ ದೋಷವು ಪದದಲ್ಲಿರಬಹುದು, ವಾಕ್ಯದಲ್ಲಿರಬಹುದು, ಅರ್ಥದಲ್ಲಿರಬಹುದು. ಆದರೆ ಕಾವ್ಯವನ್ನು ಬರೆದವರು ಗಂಡಸೋ ಹೆಂಗಸೋ, ಯಾವ ಕುಲದವರು, ಯಾವ ವೃತ್ತಿಯವರು ಎಂಬುದರಲ್ಲಿ ಅಶ್ಲೀಲವು ನೆಲೆಸಿರುವುದೆಂದು ಯಾವ ಲಾಕ್ಷಣಿಕನೂ ಲಕ್ಷಣವನ್ನು ಬರೆದಿಲ್ಲ. ಆ ಹೊಸ ಲಕ್ಷಣವು ಮದರಾಸು ಪ್ರಾಂತದಲ್ಲಿ ಒಂದು ತೆಲುಗು ಪ್ರಬಂಧದ ನಿಮಿತ್ತವಾಗಿ ಹುಟ್ಟಿತು. ಅದನ್ನು ಹುಟ್ಟಿಸಿದುದು ಪಂಡಿತರ ಸಭೆಯಲ್ಲ. ಸುಧಾರಕರ ವೇದಿಕೆ, ವರ್ತಮಾನಪತ್ರಿಕೆ, ಸರ್ಕಾರದ ಕಚೇರಿ ಎಂಬ ಮೂರು ಸೇರಿ ಅದನ್ನು ರೂಢಿಗೆ ತಂದುವು. ಆ ಪ್ರಬಂಧವೇ ಮುದ್ದುಪಳನಿಯ ರಾಧಿಕಾಸಾಂತ್ವನಮು.

ಮುದ್ದುಪಳನಿಯು ತಂಜಾವೂರಿನ ಮರಾಠಾ ದೊರೆಯಾದ ಪ್ರತಾಪಸಿಂಹನ (1739–1763) ಆಸ್ಥಾನದಲ್ಲಿದ್ದ ಗಣಿಕೆ. ದೊರೆಯ ಮನೆಮಾತು ಮರಾಠಿ, ನಾಡಿನ ಮಾತು ತಮಿಳು, ಆಸ್ಥಾನದ ಕಾವ್ಯಭಾಷೆ ತೆಲುಗು. ಅಲ್ಲಿ ಸ್ತ್ರೀಯರು ಕಾವ್ಯರಚನೆ ಮಾಡುವುದು ಆಗ ಹೊಸ ಸಂಗತಿಯಾಗಿರಲಿಲ್ಲ. ಅದಕ್ಕೆ ನೂರು ವರ್ಷಗಳಿಗಿಂತ ಮುಂಚೆಯೇ ರಘುನಾಥನಾಯಕನ ಆಸ್ಥಾನದಲ್ಲಿ ರಾಮಭದ್ರಾಂಬೆ, ಮಧುರವಾಣಿಯರೂ, ಅವನ ಮಗ ವಿಜಯರಾಘವನ ಆಸ್ಥಾನದಲ್ಲಿ ರಂಗಾಜಮ್ಮನೂ ಕಾವ್ಯಗಳನ್ನು ಬರೆದು ಸನ್ಮಾನ ಪಡೆದಿದ್ದರು. ಮುದ್ದುಪಳನಿಯು ಆಂಡಾಳ್ ದೇವಿಯ ತಿರುಪ್ಪಾವೈಯನ್ನು ತೆಲುಗಿಗೆ ತಂದವಳು. ಆದುದರಿಂದ ಅವಳನ್ನು ಕೇವಲ ವಿಲಾಸಕವಯಿತ್ರಿಯೆಂದು ಬಗೆಯುವುದು ಸಾಧುವಲ್ಲ. ರಾಧಿಕಾಸಾಂತ್ವನವು ನಾಲ್ಕು ಆಶ್ವಾಸಗಳ, ಐನೂರ ಎಂಬತ್ತಕ್ಕೂ ಮೇಲ್ಪಟ್ಟ ಪದ್ಯಗಳ ಶೃಂಗಾರಪ್ರಬಂಧ.

ಕಥೆ ಅತಿ ಸಂಗ್ರಹವಾದುದು. ರಾಧೆಯು ಕೃಷ್ಣನಿಗೆ ಸಂಬಂಧದಲ್ಲಿ ಅತ್ತೆಯಾಗತಕ್ಕವಳು, ವಯಸ್ಸಿನಲ್ಲಿ ಹಿರಿಯಳು. ಇಳಾದೇವಿಯೆಂಬ ಬಾಲೆಯನ್ನು ಎಳವೆಯಿಂದ ಸಾಕಿ, ಅವಳನ್ನು ಕೃಷ್ಣನಿಗೆ ತಾನೇ ಮದುವೆಮಾಡಿಕೊಡುತ್ತಾಳೆ. ಹೊಸ ಮದುವಣಗಿತ್ತಿಗೆ ಏಕಾಂತದಲ್ಲಿ ನಡೆದುಕೊಳ್ಳಬೇಕಾದ ಬಗೆಯನ್ನು ಹೇಳಿಕೊಡುತ್ತಾಳೆ. ಮುಗ್ಧೆಯನ್ನು ಮೃದುವಾಗಿ ನಡೆಸಿಕೊಳ್ಳಬೇಕೆಂದು ಕೃಷ್ಣನಿಗೂ ಬುದ್ಧಿ ಹೇಳುತ್ತಾಳೆ. ಹೀಗೆ ಎಲ್ಲವನ್ನೂ ತನ್ನ ಕೈಯಾರೆ ನಡೆಸಿಕೊಟ್ಟವಳಿಗೆ ಆಮೇಲೆ ವಿರಹವನ್ನು ತಡೆಯಲಾಗುವುದಿಲ್ಲ. ತನ್ನನ್ನು ಮರೆತನೆಂದು ಕೃಷ್ಣನ ಮೇಲೆ ಕನಲುತ್ತಾಳೆ, ಜರೆಯುತ್ತಾಳೆ. ಕೃಷ್ಣನು ಬಂದು ಅವಳನ್ನು ಸಂತೈಸುತ್ತಾನೆ. ಕಾವ್ಯಕ್ಕೆ ಹೆಸರು ಬಂದಿರುವುದು ಈ ಸಂತೈಸುವಿಕೆಯಿಂದಲೇ ಹೊರತು ಮದುವೆಯಿಂದಲ್ಲ, ಇಳಾದೇವಿಯ ಪ್ರಥಮಸಮಾಗಮದಿಂದಲೂ ಅಲ್ಲ.

ಶಾಸ್ತ್ರದೃಷ್ಟಿಯಿಂದ ನೋಡಿದರೆ ಇದು ಈರ್ಷ್ಯಾಮಾನವೆಂಬ ವಿಪ್ರಲಂಭಶೃಂಗಾರ. ಇಳಾದೇವಿ ಮುಗ್ಧೆ, ರಾಧೆ ಪ್ರೌಢೆ, ಖಂಡಿತೆ. ಮಾನಭಂಗಕ್ಕೆ ಸಾಮ, ಭೇದ, ದಾನ, ನತಿ, ಉಪೇಕ್ಷೆ, ರಸಾಂತರವೆಂದು ಆರು ಉಪಾಯಗಳನ್ನು ದಶರೂಪಕಕಾರನು ಹೇಳಿರುವನು. ಸಾಂತ್ವನವೆಂಬುದು ಅವುಗಳಲ್ಲಿ ಸಾಮವೇ. ಇಷ್ಟರಮಟ್ಟಿಗೆ ಕವಯಿತ್ರಿಯು ರೂಢಿಯ ದಾರಿಯನ್ನು ಬಿಟ್ಟಿಲ್ಲ. ಋತು, ಉದ್ಯಾನ, ಚಂದ್ರೋದಯಾದಿ ಪ್ರಬಂಧವರ್ಣನೆಗಳಿಗಾಗಿ ಮಾತ್ರ ಈ ಕಾವ್ಯವನ್ನು ಓದಬೇಕೆಂದು ಯಾರೂ ಹೇಳಲಾರರು. ಆ ಸಾಮಗ್ರಿ ದಕ್ಷಿಣದೇಶದ ಪ್ರಬಂಧಗಳಿಗೆಲ್ಲ ಸಾಧಾರಣವಾದುದು. ಅವಳ ಸ್ವಂತ ಸೊತ್ತು ಬೇರೊಂದೆಡೆಯಲ್ಲಿದೆ. ಸಾಮಾನ್ಯವಾಗಿ ಇಂಥ ಕಾವ್ಯಗಳಲ್ಲಿ ಹಳೆಯ ನಾಯಿಕೆಯು ಹೊಸಬಳಿಗೆ ಎಡೆಮಾಡಿಕೊಟ್ಟು ಹಿಂದೆ ಸರಿಯುವಳು. ಅವಳ ದುಃಖವು ನಾಯಕನ ದಾಕ್ಷಿಣ್ಯವನ್ನು ತೋರಿಸಲು ಸಾಧನವಾಗುವುದು. ಇಲ್ಲಿ ಹಾಗಲ್ಲ. ಉಪದೇಶಕರ್ತ್ರಿಯೂ ರಾಧೆಯೇ, ಕೊಟ್ಟವಳೂ ರಾಧೆಯೇ, ಕಳೆದುಕೊಂಡವಳೂ ರಾಧೆಯೇ. ಕೊನೆಗೆ ಯಾರ ಇಚ್ಛೆ ಪೂರ್ಣವಾಗದೆ ಕಥೆ ಮುಗಿಯಲಾರದೋ ಆಕೆಯೂ ರಾಧೆಯೇ. ವಯಸ್ಸಾದ ಹೆಂಗಸಿಗೂ ಇಚ್ಛೆಯುಂಟು, ಅದನ್ನು ತೀರಿಸುವುದು ನಾಯಕನ ಕರ್ತವ್ಯ ಎಂಬುದು ಈ ಪ್ರಬಂಧದ ಅರ್ಥ. ಶೃಂಗಾರದಲ್ಲಿ ಅಧಿಕಾರವು ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಯನ್ನು ಮುದ್ದುಪಳನಿಯು ಕೇಳಿದಂತೆ ಅವಳ ಕಾಲದ ಪುರುಷಕವಿಗಳು ಕೇಳಲಿಲ್ಲ.

ಇಲ್ಲಿ ಪೂರ್ವಪಕ್ಷವನ್ನು ಮುಚ್ಚಿಡುವುದು ನ್ಯಾಯವಲ್ಲ. ಉತ್ತಮದೇವತೆಗಳ ಸಂಭೋಗವನ್ನು ವರ್ಣಿಸುವುದು ತಾಯಿತಂದೆಗಳ ಸಂಭೋಗವನ್ನು ವರ್ಣಿಸಿದಂತೆ ಅತ್ಯಂತ ಅನುಚಿತವೆಂದು ಮಮ್ಮಟನ ಸ್ಪಷ್ಟವಾದ ನಿಷೇಧವಿದೆ. ಆನಂದವರ್ಧನನೂ ಕುಮಾರಸಂಭವದ ದೇವೀಸಂಭೋಗವರ್ಣನೆಯಲ್ಲಿ ಅನೌಚಿತ್ಯವನ್ನು ಕಂಡಿದ್ದಾನೆ. ಆದರೆ ಮಹಾಕವಿಯ ಶಕ್ತಿಯಿಂದ ಆ ದೋಷವು ಮರೆಯಾಗಿ ತೋರದೆ ಹೋಗುವುದೆಂದು ಸಮಾಧಾನ ಹೇಳಿದ್ದಾನೆ. ಮುದ್ದುಪಳನಿಯ ಮೇಲೆ ಈ ದೋಷಾರೋಪಣೆಯನ್ನು ಮಾಡಬಹುದು. ಮಾಡಿದರೆ ಅದು ಶಾಸ್ತ್ರೀಯವಾದ ಆಕ್ಷೇಪಣೆಯೇ ಸರಿ. ಆದರೆ ಅದೇ ಆಕ್ಷೇಪಣೆಯು ಕಾಳಿದಾಸನಿಗೂ ಜಯದೇವನಿಗೂ ತಗಲುವುದು. ಗೀತಗೋವಿಂದದ ಕೊನೆಯ ಸರ್ಗದಲ್ಲಿ ವರ್ಣಿತವಾದುದು ರಾಧಿಕಾಸಾಂತ್ವನದಲ್ಲಿ ವರ್ಣಿತವಾದುದಕ್ಕಿಂತ ಕಡಮೆಯದಲ್ಲ. ಅದನ್ನು ದೇವಾಲಯಗಳಲ್ಲಿ ಹಾಡುತ್ತಾರೆ. ಮುಕ್ಕು ತಿಮ್ಮನನ ಪಾರಿಜಾತಾಪಹರಣದಲ್ಲಿ ಕೋಪಗೊಂಡ ಸತ್ಯಭಾಮೆಯು ಕಾಲಿಗೆರಗಿದ ಕೃಷ್ಣನನ್ನು ಎಡಗಾಲಿನಿಂದ ಒದೆಯುತ್ತಾಳೆ; ಆ ಕಾವ್ಯವು ಕೃಷ್ಣದೇವರಾಯನಿಗೆ ಅಂಕಿತವಾದುದು, ತೆಲುಗು ಪಂಡಿತರು ಇಂದಿಗೂ ಅದನ್ನು ಮೆಚ್ಚಿ ಪಾಠ ಹೇಳುತ್ತಾರೆ. ಕ್ಷೇತ್ರಯ್ಯನ ಪದಗಳಲ್ಲಿ ಮಾತನಾಡುವವಳು ಹಲವೆಡೆ ಗಣಿಕೆಯೇ. ಗಣಿಕೆಯ ಬಾಯಲ್ಲಿ ಪುರುಷನು ಇಟ್ಟ ಮಾತು ಸಂಗೀತವೆನಿಸಿ ಉಳಿಯಿತು. ಗಣಿಕೆಯು ತಾನೇ ಆಡಿದ ಮಾತು ಅಪರಾಧವೆನಿಸಿತು. ಈ ಭೇದಕ್ಕೆ ಕಾವ್ಯಶಾಸ್ತ್ರದಲ್ಲಿ ಆಧಾರವಿಲ್ಲ. ಆಧಾರವನ್ನು ಬೇರೆ ಕಡೆ ಹುಡುಕಬೇಕು.

ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮದರಾಸು ಪ್ರಾಂತದಲ್ಲಿ ನಾಚ್ ವಿರೋಧಿ ಚಳವಳಿಯು ಬಲವಾಗಿ ಎದ್ದಿತು. 1893ರಲ್ಲಿ ಸಮಾಜಸುಧಾರಕರು ವೈಸರಾಯರಿಗೂ ಮದರಾಸಿನ ಗವರ್ನರಿಗೂ ವಿಜ್ಞಾಪನೆಯನ್ನರ್ಪಿಸಿ, ಗಣಿಕೆಯರ ನೃತ್ಯವಿರುವ ಸಮಾರಂಭಗಳಿಗೆ ಅವರು ಹೋಗಬಾರದೆಂದು ಬೇಡಿಕೊಂಡರು. ತೆಲುಗುನಾಡಿನಲ್ಲಿ ಈ ಪಕ್ಷಕ್ಕೆ ಮುಂದಾಳಾಗಿದ್ದವರು ಕಂದುಕೂರಿ ವೀರೇಶಲಿಂಗಂ ಪಂತುಲುಗಳು. ವಿಧವಾವಿವಾಹಕ್ಕಾಗಿಯೂ ಸ್ತ್ರೀವಿದ್ಯಾಭ್ಯಾಸಕ್ಕಾಗಿಯೂ ಅವರು ಪಟ್ಟ ಪಾಡು ದೊಡ್ಡದು. 1874ರಲ್ಲಿ ವಿವೇಕವರ್ಧನಿಯನ್ನು ಹೊರಡಿಸಿ ಪತ್ರಿಕೆಯನ್ನು ಸುಧಾರಣೆಯ ಆಯುಧವನ್ನಾಗಿ ಮಾಡಿದವರಲ್ಲಿ ಅವರು ಅಗ್ರಗಣ್ಯರು. ಎಳೆಯ ಹುಡುಗಿಯರನ್ನು ದೇವರ ಹೆಸರಿನಲ್ಲಿ ಕಟ್ಟಿ ಶ್ರೀಮಂತರ ಪಾಲುಮಾಡುವ ಪದ್ಧತಿಯನ್ನು ಅವರು ಖಂಡಿಸಿದುದು ನ್ಯಾಯವಾಗಿಯೇ ಇತ್ತು. ಆದರೆ ಚಳವಳಿಯ ವೇದಿಕೆಯಿಂದ ಇಳಿದು ಕವಿಚರಿತೆಯನ್ನು ಬರೆಯಲು ಕುಳಿತಾಗಲೂ ಅವರು ವೇದಿಕೆಯ ಮಾತನ್ನು ಬಿಡಲಿಲ್ಲ. ಆಂಧ್ರಕವುಲ ಚರಿತ್ರದಲ್ಲಿ ಮುದ್ದುಪಳನಿಯ ಪಾಂಡಿತ್ಯವನ್ನು ಒಪ್ಪಿಕೊಂಡು, ಒಡನೆಯೇ ಅವಳ ವೃತ್ತಿಯನ್ನೆತ್ತಿ, ಹೆಂಗಸರು ಕೇಳಲೂ ಬಾರದ ವಿಷಯಗಳು ಹೆಂಗಸಿನ ಬಾಯಿಂದ ಹೊರಟಿವೆಯೆಂಬ ಅರ್ಥ ಬರುವಂತೆ ಬರೆದರು. ಒಂದು ಸಾಮಾಜಿಕ ವಾದವು ಹೀಗೆ ಕಾವ್ಯವಿಮರ್ಶೆಯ ವೇಷವನ್ನು ತೊಟ್ಟಿತು.

ಅದಕ್ಕೂ ಮೊದಲೇ, 1887ರಲ್ಲಿ, ಬ್ರೌನ್ ದೊರೆಯ ಸಹಾಯಕರಾಗಿದ್ದ ಪೈಡಿಪಾಟಿ ವೆಂಕಟನರಸು ಅವರಿಂದ ರಾಧಿಕಾಸಾಂತ್ವನವು ಅಚ್ಚಾಗಿತ್ತು. ಅದರಲ್ಲಿ ಹಲವು ಪದ್ಯಗಳನ್ನು ಬಿಡಲಾಗಿತ್ತು. ಕವಯಿತ್ರಿಯು ತನ್ನ ವಂಶವನ್ನು ಹೇಳಿಕೊಂಡ ಪೀಠಿಕಾಭಾಗವೂ ಇರಲಿಲ್ಲ. ಶೃಂಗಾರಪದ್ಯಗಳನ್ನು ಬಿಟ್ಟುದಕ್ಕೆ ಸಂಪಾದಕರ ಸಂಕೋಚವೇ ಕಾರಣವೆಂದು ಊಹಿಸಬಹುದು. ವಂಶವರ್ಣನೆಯಲ್ಲಿ ಸಂಕೋಚಪಡುವಂಥ ಪದ್ಯ ಯಾವುದು?

ಈ ಪ್ರತಿಯನ್ನು ನೋಡಿ ಅತೃಪ್ತರಾದವರು ಬೆಂಗಳೂರು ನಾಗರತ್ನಮ್ಮನವರು. ಕನ್ನಡಿಗರಿಗೆ ಈ ಪ್ರಕರಣವು ಪರಕೀಯವಲ್ಲವೆಂಬುದಕ್ಕೆ ಅವರ ಹೆಸರೇ ಸಾಕು. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ಸಂಸ್ಕೃತವನ್ನೂ ಸಂಗೀತವನ್ನೂ ಕಲಿತು, ಬೆಂಗಳೂರಿನಲ್ಲಿ ಹೆಸರುಪಡೆದು, ಮದರಾಸಿನಲ್ಲಿ ನೆಲೆಸಿದ ಗಾಯಕಿ ಅವರು. ತಿರುವೈಯಾರಿನಲ್ಲಿ ತ್ಯಾಗರಾಜಸ್ವಾಮಿಗಳ ಸಮಾಧಿಯ ಮೇಲೆ ತಮ್ಮ ಸಂಪಾದನೆಯಿಂದ ಗುಡಿಯನ್ನು ಕಟ್ಟಿಸಿದವರೆಂದು ಸಂಗೀತರಸಿಕರೆಲ್ಲ ಅವರನ್ನು ಬಲ್ಲರು. ಗ್ರಂಥಸಂಪಾದಕಿಯೆಂದು ಬಲ್ಲವರು ಕಡಮೆ. ಅವರು ಹಸ್ತಪ್ರತಿಯನ್ನು ದೊರಕಿಸಿಕೊಂಡು, ಅಚ್ಚಿನ ಪ್ರತಿಯೊಡನೆ ಹೋಲಿಸಿ, ಬಿಟ್ಟುಹೋದ ಭಾಗಗಳನ್ನು ಸೇರಿಸಿ, 1910ರಲ್ಲಿ ವಾವಿಳ್ಳ ರಾಮಸ್ವಾಮಿ ಶಾಸ್ತ್ರುಲು ಅಂಡ್ ಸನ್ಸ್ ಅವರ ಮೂಲಕ ಪೂರ್ಣಗ್ರಂಥವನ್ನು ಪ್ರಕಟಿಸಿದರು. ಪಾಠಪರಿಷ್ಕರಣವೆಂಬುದು ಇದಕ್ಕಿಂತ ಬೇರೆಯಲ್ಲ. ಈ ಕಾವ್ಯವು ಸ್ತ್ರೀಯೊಬ್ಬಳದು, ಅದರಲ್ಲಿಯೂ ತಮ್ಮ ಕುಲದವಳದು, ಆದುದರಿಂದ ಇದ್ದುದನ್ನು ಇದ್ದಂತೆ ಪ್ರಕಟಿಸುವುದು ತಮಗೆ ಕರ್ತವ್ಯವೆಂದು ತೋರಿತೆಂಬ ಅಭಿಪ್ರಾಯವನ್ನು ಮುನ್ನುಡಿಯಲ್ಲಿ ಮುಚ್ಚುಮರೆಯಿಲ್ಲದೆ ತಿಳಿಸಿದರು. ಪಂತುಲುಗಳ ಆಕ್ಷೇಪಣೆಗೂ ಅಲ್ಲಿಯೇ ಉತ್ತರವಿತ್ತು: ನಾಚಿಕೆಯೆಂಬುದು ಹೆಂಗಸರಿಗೆ ಮಾತ್ರ ವಿಹಿತವೋ ಗಂಡಸರಿಗೂ ಉಂಟೋ, ಪಂತುಲುಗಳೇ ನೋಡಿ ಒಪ್ಪಿದ ವೈಜಯಂತೀವಿಲಾಸದಲ್ಲಿರುವುದಕ್ಕಿಂತ ಇಲ್ಲಿರುವುದು ಹೆಚ್ಚಿನದೋ ಎಂದು ಅವರು ಕೇಳಿದರು. ವೈಜಯಂತೀವಿಲಾಸವು ವಿಪ್ರನಾರಾಯಣನೆಂಬ ಭಕ್ತನು ದೇವದೇವಿಯೆಂಬ ಗಣಿಕೆಗೆ ಮರುಳಾದ ಕಥೆ, ಕವಿ ಪುರುಷ. ಈ ಪ್ರಶ್ನೆಗೆ ಸರಿಯಾದ ಉತ್ತರವು ಯಾರಿಂದಲೂ ಬರಲಿಲ್ಲ. ಉತ್ತರಕ್ಕೆ ಬದಲಾಗಿ ಬಂದುದು ಶಶಿಲೇಖೆಯ ವಿಮರ್ಶೆ. ಗ್ರಂಥವನ್ನು ಬರೆದವಳೊಬ್ಬ ವೇಶ್ಯೆ, ಅಚ್ಚುಹಾಕಿಸಿದವಳು ಇನ್ನೊಬ್ಬ ವೇಶ್ಯೆ ಎಂಬುದು ಅದರ ತಾತ್ಪರ್ಯ. ವಿಮರ್ಶೆಯೆನ್ನಿಸಿಕೊಂಡ ಆ ಬರಹದ ಬಲವೆಲ್ಲ ಈ ಮಾತಿನಲ್ಲಿಯೇ ಇತ್ತು.

ಪತ್ರಿಕೆಯ ಕೂಗು ಸರ್ಕಾರದ ಕಿವಿಯನ್ನು ಮುಟ್ಟಲು ಬಹುಕಾಲ ಹಿಡಿಯಲಿಲ್ಲ. 1911ರಲ್ಲಿ ಪೊಲೀಸಿನವರು ಪುಸ್ತಕದ ಪ್ರತಿಗಳನ್ನು ವಶಪಡಿಸಿಕೊಂಡರು. ಹಲವರು ಪಂಡಿತರು ಗ್ರಂಥದ ಪರವಾಗಿ ಅರ್ಜಿಗಳನ್ನು ಬರೆದುಕೊಂಡರೂ ಫಲವಾಗಲಿಲ್ಲ. ನಿರ್ಣಯವು ನಡೆದ ಕ್ರಮವನ್ನು ಗಮನಿಸಬೇಕು. ಸರ್ಕಾರದ ಭಾಷಾಂತರಕಾರರು ಆಕ್ಷೇಪಣೀಯವೆಂದು ತೋರಿದ ಭಾಗಗಳನ್ನು ಆರಿಸಿ ಇಂಗ್ಲಿಷಿಗೆ ತಿರುಗಿಸಿ ಮೇಲಧಿಕಾರಿಗಳಿಗೆ ಒಪ್ಪಿಸಿದರು. ಐನೂರೆಂಬತ್ತು ಪದ್ಯಗಳ ಪ್ರಬಂಧವು ಹೀಗೆ ಕೆಲವು ತುಣುಕುಗಳಾಗಿ, ಛಂದಸ್ಸನ್ನೂ ಭಾಷೆಯನ್ನೂ ಕಳೆದುಕೊಂಡು ಕಚೇರಿಯ ಮೇಜಿನ ಮೇಲೆ ಬಂದು ಬಿದ್ದಿತು. ವಾಕ್ಯಾರ್ಥನಿರ್ಣಯಕ್ಕೆ ಉಪಕ್ರಮ, ಉಪಸಂಹಾರ, ಅಭ್ಯಾಸ, ಅಪೂರ್ವತೆ, ಫಲ, ಅರ್ಥವಾದ, ಉಪಪತ್ತಿಗಳನ್ನು ನೋಡಬೇಕೆಂದು ಮೊದಲ ಪಾಠದಲ್ಲಿಯೇ ಕಲಿಯುವ ಮೀಮಾಂಸಾವಿದ್ಯಾರ್ಥಿಯು ಈ ಕ್ರಮವನ್ನು ಕಂಡರೆ ನಗುವನು. ಇಳಾದೇವಿಗೆ ರಾಧೆ ಮಾಡಿದ ಉಪದೇಶವನ್ನು ಮುಂದೆ ಬರುವ ರಾಧೆಯ ಅಳುವಿನಿಂದ ಬೇರ್ಪಡಿಸಿದರೆ ಉಳಿಯುವುದು ಕಾಮಶಾಸ್ತ್ರದ ಒಂದು ಪ್ರಕರಣ ಮಾತ್ರ. ಕಾವ್ಯದಲ್ಲಾದರೋ ಆ ಉಪದೇಶದ ಒಂದೊಂದು ಮಾತೂ ಉಪದೇಶಿಸಿದವಳಿಗೇ ತಿರುಗಿ ಬಂದು ನಾಟುವುದು.

ಕಾನೂನಿನಲ್ಲಿ ಈ ತುಣುಕುಮಾಡುವ ಕ್ರಮಕ್ಕೆ ಪ್ರಮಾಣವೂ ಇತ್ತು. 1868ರಲ್ಲಿ ಇಂಗ್ಲೆಂಡಿನ ಹಿಕ್ಲಿನ್ ಮೊಕದ್ದಮೆಯಲ್ಲಿ ನ್ಯಾಯಾಧೀಶ ಕಾಕ್‌ಬರ್ನನು, ಯಾರ ಮನಸ್ಸು ಕೆಡುವುದಕ್ಕೆ ಎಡೆಯುಂಟೋ ಅಂಥವರ ಕೈಗೆ ಗ್ರಂಥವು ಸಿಕ್ಕಿದರೆ ಅವರನ್ನು ಕೆಡಿಸುವ ಪ್ರವೃತ್ತಿ ಅದಕ್ಕುಂಟೇ ಎಂಬುದೇ ಅಶ್ಲೀಲದ ಪರೀಕ್ಷೆಯೆಂದು ತೀರ್ಪಿತ್ತನು. ಆ ಮೊಕದ್ದಮೆಯ ಗ್ರಂಥವು ಶೃಂಗಾರಕಾವ್ಯವೇ ಅಲ್ಲ, ಕ್ಯಾಥೊಲಿಕ್ ಪಾದ್ರಿಗಳನ್ನು ಖಂಡಿಸುವ ಒಂದು ಮತವಿವಾದದ ಕರಪತ್ರವೆಂಬುದು ವಿನೋದಕರವಾದ ಸಂಗತಿ. ಅಭಿನವಗುಪ್ತನ ಮತದಲ್ಲಿ ಕಾವ್ಯಕ್ಕೆ ಅಧಿಕಾರಿಯು ಸಹೃದಯ. ಕಾವ್ಯಾನುಶೀಲನದಿಂದ ಕನ್ನಡಿಯಂತೆ ನಿರ್ಮಲವಾದ ಮನಸ್ಸುಳ್ಳವನು. ಹಿಕ್ಲಿನ್ ನ್ಯಾಯದಲ್ಲಿಯಾದರೋ ಕಾವ್ಯವನ್ನು ಅಳೆಯುವವನು ಎಲ್ಲರಿಗಿಂತ ಬೇಗ ಕೆಡುವವನು. ಭಾರತದ ಸುಪ್ರೀಂ ಕೋರ್ಟು 1964ರಲ್ಲಿಯೂ ಈ ಪರೀಕ್ಷೆಯನ್ನು ಅಂಗೀಕರಿಸಿ, 2014ರಲ್ಲಿ ಮಾತ್ರ ಕೈಬಿಟ್ಟಿತು. ಇನ್ನೊಂದು ವಿಚಿತ್ರವಿದೆ. 1860ರ ದಂಡಸಂಹಿತೆಯ 292ನೆಯ ಪ್ರಕರಣದಲ್ಲಿ ದೇವಾಲಯಗಳಲ್ಲಿಯೂ ರಥಗಳ ಮೇಲೆಯೂ ಕೆತ್ತಿದ ಅಥವಾ ಬರೆದ ರೂಪಗಳಿಗೆ ವಿನಾಯಿತಿಯುಂಟು. 2024ರಲ್ಲಿ ಜಾರಿಗೆ ಬಂದ ಭಾರತೀಯ ನ್ಯಾಯಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ತೇರಿನ ಮೇಲೆ ಶಿಲ್ಪಿಯು ಕೆತ್ತಿದ ಮಿಥುನವು ಊರ ಬೀದಿಯಲ್ಲಿ ಮಕ್ಕಳ ಕಣ್ಣೆದುರಿಗೆ ಸಾಗಬಹುದು. ಆ ತೇರಿನ ಮುಂದೆ ಕುಣಿಯುತ್ತಿದ್ದವಳ ಕುಲದವಳು ಕೃಷ್ಣನನ್ನು ಕುರಿತು ಬರೆದ ಕಾವ್ಯವು ಪಂಡಿತನ ಮನೆಯ ಕಪಾಟಿನಲ್ಲಿಯೂ ಇರಕೂಡದಾಯಿತು.

ತುಣುಕುಮಾಡುವ ರೋಗವು ನಿಂದಕರಿಗೆ ಮಾತ್ರ ಇರುವುದೆಂದು ತಿಳಿಯಬೇಕಾಗಿಲ್ಲ. ಕನ್ನಡದಲ್ಲಿ ಇದರ ಇನ್ನೊಂದು ಮುಖವನ್ನು ಕಾಣಬಹುದು. ಚಿಕ್ಕದೇವರಾಜ ಒಡೆಯರ (1673–1704) ಅರಮನೆಯಲ್ಲಿ ಸಂಚಿಯ ಊಳಿಗದಲ್ಲಿದ್ದ ಹೊನ್ನಮ್ಮನು ಸಾಂಗತ್ಯದಲ್ಲಿ ರಚಿಸಿದ ಹದಿಬದೆಯ ಧರ್ಮವು ಪತಿವ್ರತಾಧರ್ಮವನ್ನು ಬೋಧಿಸುವ ಗ್ರಂಥ. ಅದರಲ್ಲಿ ಹೆಣ್ಣೆಂದು ಹೀಗಳೆಯುವವರನ್ನು ಆಕೆ ಪ್ರಶ್ನಿಸುವ ಪದ್ಯವೊಂದುಂಟು. ಇಂದಿನ ಭಾಷಣಗಳಲ್ಲಿ, ಪತ್ರಿಕೆಗಳಲ್ಲಿ, ಪಠ್ಯಪುಸ್ತಕಗಳಲ್ಲಿ ಹೊನ್ನಮ್ಮನೆಂದರೆ ಆ ಒಂದೇ ಪದ್ಯ. ಉಳಿದ ಗ್ರಂಥವು ಹೆಂಡತಿಯು ಗಂಡನಿಗೆ, ಅತ್ತೆಮಾವಂದಿರಿಗೆ ಹೇಗೆ ಅಡಗಿ ನಡೆಯಬೇಕೆಂದು ಹೇಳುವುದನ್ನು ಯಾರೂ ಎತ್ತುವುದಿಲ್ಲ. ಎತ್ತಿದರೆ ಹೊನ್ನಮ್ಮನು ಇಂದಿನ ವಾದಕ್ಕೆ ಒದಗಲಾರಳು. ಮುದ್ದುಪಳನಿಯಿಂದ ಕೆಲವು ಪದ್ಯಗಳನ್ನು ಕಿತ್ತು ಅವಳನ್ನು ಅಪರಾಧಿನಿಯನ್ನಾಗಿ ಮಾಡಿದರು. ಹೊನ್ನಮ್ಮನಿಂದ ಒಂದು ಪದ್ಯವನ್ನು ಕಿತ್ತು ಆಕೆಯನ್ನು ಬಂಡಾಯಗಾರ್ತಿಯನ್ನಾಗಿ ಮಾಡಿದರು. ಗೌರವದಲ್ಲಿ ಅಂತರವಿದೆ, ಕ್ರಮದಲ್ಲಿ ಇಲ್ಲ. ಇಬ್ಬರೂ ಅರಮನೆಯ ಸೇವೆಯಲ್ಲಿದ್ದವರು. ಒಬ್ಬಳು ಗೃಹಿಣಿಯ ಸಂಯಮವನ್ನು ಬರೆದಳು, ಇನ್ನೊಬ್ಬಳು ಪ್ರೌಢೆಯ ಇಚ್ಛೆಯನ್ನು. ಎರಡನ್ನೂ ಪೂರ್ತಿಯಾಗಿ ಓದಿದ ವಾಚಕನಿಗೆ ಮಾತ್ರ ಆ ಎರಡು ಆಸ್ಥಾನಗಳಲ್ಲಿ ಸ್ತ್ರೀಯರಿಗೆ ಏನನ್ನಾಡಲು ಸ್ವಾತಂತ್ರ್ಯವಿದ್ದಿತೆಂಬುದು ತಿಳಿಯುವುದು.

ರಾಜಕೀಯದ ಕಥೆ ಇಷ್ಟಕ್ಕೆ ಮುಗಿಯಲಿಲ್ಲ. 1927ರಲ್ಲಿ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿಯವರು ಮದರಾಸಿನ ಶಾಸನಸಭೆಯಲ್ಲಿ ದೇವದಾಸೀಪದ್ಧತಿಯ ನಿರ್ಮೂಲನಕ್ಕಾಗಿ ವಾದವನ್ನೆತ್ತಿದಾಗ, ಮದರಾಸಿನ ದೇವದಾಸಿಯರು ಸಂಘ ಕಟ್ಟಿಕೊಂಡು ಸರ್ಕಾರಕ್ಕೆ ವಿಜ್ಞಾಪನೆ ಮಾಡಿದರು. ನಾಗರತ್ನಮ್ಮನವರು ಅವರ ಮುಂದಾಳುಗಳಲ್ಲೊಬ್ಬರು. ತಮ್ಮನ್ನು ವೇಶ್ಯೆಯರೊಂದಿಗೆ ಒಂದೇ ಹೆಸರಿನಿಂದ ಕರೆಯಬಾರದು, ವಿದ್ಯೆಯೂ ಆಸ್ತಿಯ ಹಕ್ಕೂ ತಮಗೆ ಪರಂಪರೆಯಿಂದ ಬಂದುವು ಎಂಬುದು ಅವರ ವಾದ. ರೆಡ್ಡಿಯವರ ವಾದಕ್ಕೆ ಬಲವಿರಲಿಲ್ಲವೆಂದು ಹೇಳುವಂತಿಲ್ಲ. ಅವರ ತಾಯಿಯೇ ಆ ಕುಲದವರು. ಪದ್ಧತಿಯ ಕ್ರೌರ್ಯವನ್ನು ಅವರು ಹತ್ತಿರದಿಂದ ಬಲ್ಲವರು. ಎರಡು ಪಕ್ಷದಲ್ಲಿಯೂ ಸ್ತ್ರೀಯರೇ ಮಾತನಾಡಿದ ಈ ವಾದದಲ್ಲಿ, ಒಬ್ಬರಿಗೆ ಶಾಸನಸಭೆಯ ಪೀಠವಿತ್ತು, ಮತ್ತೊಬ್ಬರಿಗೆ ಅರ್ಜಿಯ ಕಾಗದವಿತ್ತು. ಪುಸ್ತಕವನ್ನು ಮುಟ್ಟುಗೋಲು ಹಾಕಿಸಿಕೊಂಡವರ ಮಾತಿಗೆ ಸಭೆಯಲ್ಲಿ ಎಷ್ಟು ಬೆಲೆ ಬಂದೀತು?

ಕಾಲವು ಎರಡು ನಿರ್ಣಯಗಳನ್ನೂ ಒಂದೇ ವರ್ಷದಲ್ಲಿ ತಂದೊಡ್ಡಿತು. ಟಂಗುಟೂರಿ ಪ್ರಕಾಶಂ ಪಂತುಲುಗಳು ಮದರಾಸಿನ ಪ್ರಧಾನಿಗಳಾಗಿದ್ದಾಗ, 1947ರಲ್ಲಿ, ರಾಧಿಕಾಸಾಂತ್ವನದ ಮೇಲಿನ ನಿಷೇಧವು ರದ್ದಾಯಿತು. ಅದೇ ವರ್ಷದ ಶಾಸನದಿಂದ ಮದರಾಸು ಪ್ರಾಂತದಲ್ಲಿ ಹೆಣ್ಣುಮಕ್ಕಳನ್ನು ದೇವದಾಸಿಯರನ್ನಾಗಿ ಸಮರ್ಪಿಸುವುದು ನಿಷಿದ್ಧವಾಯಿತು. ಸಮರ್ಪಣೆಯು ನಿಂತುದು ಒಳ್ಳೆಯದಾಯಿತು. ಆದರೆ ಕಾವ್ಯವನ್ನು ತೆಲುಗು ಸಾಹಿತ್ಯದ ಸೊತ್ತೆಂದು ಹಿಂದಕ್ಕೆ ಪಡೆದವರು, ಅದನ್ನು ಬರೆಯಬಲ್ಲ ಹೆಂಗಸರು ಯಾವ ಮನೆಗಳಲ್ಲಿ ಓದು ಕಲಿತರೆಂಬುದನ್ನು ನೆನೆಯಲಿಲ್ಲ. ವಾವಿಳ್ಳದವರ ಹೊಸ ಮುದ್ರಣವು 1952ರಲ್ಲಿ ಹೊರಬಂದಿತು. ನಾಗರತ್ನಮ್ಮನವರು ಆ ವರ್ಷದ ಮೇ ತಿಂಗಳಿನಲ್ಲಿ ತೀರಿಕೊಂಡರು.

ಮುಂದೆ ಈ ಗ್ರಂಥವನ್ನು ಪರಿಷ್ಕರಿಸುವವರು 1887, 1910, 1952ರ ಮುದ್ರಣಗಳನ್ನು ಹಸ್ತಪ್ರತಿಗಳೊಡನೆ ಹೋಲಿಸಿ ನೋಡಬೇಕು. ಶೃಂಗಾರಪದ್ಯಗಳ ಪಾಠಾಂತರಗಳಿಗಿಂತ ಮೊದಲು ನೋಡಬೇಕಾದುದು, ವೆಂಕಟನರಸು ಅವರು ಬಿಟ್ಟು ನಾಗರತ್ನಮ್ಮನವರು ಸೇರಿಸಿದ ಪೀಠಿಕೆಯನ್ನು. ಕವಿಗಳು ತಂದೆ, ತಾತ, ಮುತ್ತಾತಂದಿರನ್ನು ಹೇಳಿಕೊಳ್ಳುವ ಆ ಎಡೆಯಲ್ಲಿ ಮುದ್ದುಪಳನಿಯು ತಂಜನಾಯಕಿಯೆಂಬ ತನ್ನ ಅಜ್ಜಿಯಿಂದ ತೊಡಗಿ ತನ್ನ ಕುಲದ ವಿದುಷಿಯರನ್ನು ಹೊಗಳುತ್ತಾಳೆ. ಪಂಡಿತರು ಕಾವ್ಯಗಳನ್ನು ತನ್ನ ಹೆಸರಿಗೆ ಅಂಕಿತಮಾಡಿದುದನ್ನೂ, ತಾನು ಅವರಿಗೆ ಸನ್ಮಾನಮಾಡಿದುದನ್ನೂ ಸಂಕೋಚವಿಲ್ಲದೆ ಹೇಳಿಕೊಳ್ಳುತ್ತಾಳೆ. ಇಂಥ ಸಂಪತ್ತು ಬೇರೆ ಯಾವ ಹೆಂಗಸಿಗೆ ದೊರೆತಿದೆಯೆಂದು ಓದುವವರನ್ನು ಕೇಳುತ್ತಾಳೆ.